ಕೊಂಬೆಯ ತೂಕ ಹೇಳಬೇಕಾದವರು ಯಾರು? ಕ್ರೇನ್ ತರಿಸಿ ಮಾವಿನ ಮರ ತೆಗೆಸಿದ ಅನುಭವ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಹಿಂದೆ, ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಅಂಚಿನಲ್ಲಿ ನಿಂತಿದ್ದ ಹಳೆಯ ಕಾಡುಮಾವಿನ ಮರವೊಂದನ್ನು ಈ ಬೇಸಿಗೆಯಲ್ಲಿ ತೆಗೆಸಬೇಕಾಯಿತು. ಎತ್ತರ ಎಪ್ಪತ್ತು ಅಡಿಗೂ ಮೇಲೆ, ಎದೆಮಟ್ಟದ ಸುತ್ತಳತೆ 11 ಅಡಿ. ಬುಡದಲ್ಲಿ ಕೈ ತೂರುವಷ್ಟು ಪೊಟರೆ ಬಿದ್ದು ಐದಾರು ವರ್ಷವಾಗಿತ್ತು. ಕಳೆದ ಮಳೆಗಾಲದಲ್ಲಿ ಧರೆಯ ಮಣ್ಣು ಒಂದು ಮಗ್ಗುಲಿಗೆ ಜಾರಿದ ಮೇಲೆ ಮರವು ಕೊಟ್ಟಿಗೆಯ ಕಡೆಗೆ ವಾಲಿರುವುದು ಕಣ್ಣಿಗೆ ಕಾಣುವಂತಾಯಿತು. ಒಂದು ಬದಿಗೆ ಹೆಂಚಿನ ಮಾಡು, ಇನ್ನೊಂದು ಬದಿಗೆ 11 ಕೆ.ವಿ. ವಿದ್ಯುತ್ ಲೈನು, ಮತ್ತೊಂದು ಬದಿಗೆ ಫಸಲು ಕೊಡುತ್ತಿರುವ ಅಡಿಕೆ ತೋಟ ಇದ್ದುದರಿಂದ, ಹಗ್ಗ ಕಟ್ಟಿ ಎಳೆದು ಕೆಡವಲು ಯಾವ ದಿಕ್ಕಿನಲ್ಲೂ ಜಾಗವಿರಲಿಲ್ಲ. ಮೇಲಿನಿಂದ ತುಂಡು ತುಂಡಾಗಿ ಕೊಯ್ದು, ಕ್ರೇನಿನಲ್ಲಿ ಇಳಿಸುವುದೊಂದೇ ದಾರಿಯಾಗಿ ಉಳಿಯಿತು.

ಈ ಕೆಲಸಕ್ಕೆ ನಾನು ಎರಡು ಬೇರೆ ಬೇರೆ ಸೇವೆಗಳನ್ನು ಕರೆಸಿದೆ. ಮೊದಲನೆಯವರು ಕೊಟ್ಟಿಗೆಯ ಮಾಡಿನ ಒಂದು ಮೂಲೆಯನ್ನು ಒಡೆದು ಅರ್ಧ ದಿನಕ್ಕೇ ಹಿಂದಿರುಗಿದರು. ಎರಡನೆಯವರು ಶಿವಮೊಗ್ಗದಿಂದ ಬಂದು ಎರಡು ಬೆಳಗಿನ ಕೆಲಸದಲ್ಲಿ ಮರವನ್ನು ಇಳಿಸಿದರು. ಇಬ್ಬರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ಕ್ರೇನಿನ ಬಾಗಿಲ ಮೇಲೆ ಬರೆದ ಹೆಸರಿಗೂ ಆ ದಿನ ನಿಮ್ಮ ಅಂಗಳಕ್ಕೆ ಬರುವ ಆಪರೇಟರಿಗೂ ಇರುವ ನಂಟು ಅಷ್ಟಕ್ಕಷ್ಟೇ ಎಂಬುದು ನನಗೆ ಈಗ ತಿಳಿದಿದೆ. ಒಂದೇ ಸಂಸ್ಥೆಯಿಂದ ಇಂದು ಒಬ್ಬ ಒಳ್ಳೆಯ ಕೆಲಸಗಾರ, ನಾಳೆ ಒಬ್ಬ ಅವಸರದವನು ಬರಬಹುದು. ಓದುವವರಿಗೆ ಉಪಯೋಗವಾಗುವುದು ಕೆಲಸವನ್ನು ಅಳೆಯುವ ಬಗೆ.

ಕ್ರೇನಿನಿಂದ ಮರ ತೆಗೆಯುವ ಕೆಲಸದಲ್ಲಿ ಎರಡು ಕಸುಬಿನವರು ಒಂದೇ ಹಗ್ಗದ ಎರಡು ತುದಿ ಹಿಡಿದಿರುತ್ತಾರೆ. ಕ್ರೇನಿನವನಿಗೆ ಯಂತ್ರ ಗೊತ್ತು, ಮರ ಗೊತ್ತಿಲ್ಲ. ಕೊಯ್ಯುವವನಿಗೆ ಮರ ಗೊತ್ತು, ಯಂತ್ರ ಗೊತ್ತಿಲ್ಲ. ಕಬ್ಬಿಣದ ತೊಲೆಯನ್ನೋ ಟ್ರಾನ್ಸ್‌ಫಾರ್ಮರನ್ನೋ ಎತ್ತುವಾಗ ತೂಕ ಎಲ್ಲಿಯಾದರೂ ಬರೆದಿರುತ್ತದೆ. ಕೊಂಬೆಯ ಮೇಲೆ ತೂಕ ಬರೆದಿರುವುದಿಲ್ಲ. ಅದನ್ನು ಹೇಳುವ ಹೊಣೆ ಯಾರದೆಂದು ಮೊದಲೇ ಗೊತ್ತಾಗದಿದ್ದರೆ ಇಬ್ಬರೂ ಅದನ್ನು ಇನ್ನೊಬ್ಬರ ಪಾಲಿಗೆ ಬಿಡುತ್ತಾರೆ. ನಮ್ಮಲ್ಲಿ ಮೊದಲ ದಿನ ಆದದ್ದು ಇದೇ.

ಆ ದಿನ ಬಂದದ್ದು ನಮ್ಮ ಕಡೆ ಎಲ್ಲೆಲ್ಲೂ ಕಾಣುವ ಹೈಡ್ರಾ ಎಂಬ ಚಿಕ್ಕ ಕ್ರೇನು. ಬಾಡಿಗೆ ಗಂಟೆಯ ಲೆಕ್ಕ, ಕಿರಿದಾದ ಮಣ್ಣುರಸ್ತೆಯಲ್ಲೂ ಬರುತ್ತದೆ, ಬಾವಿಯ ಪಂಪು ಎತ್ತಲು, ನಾಟಾ (ಮರದ ದಿಮ್ಮಿ) ಲೋಡು ಮಾಡಲು ಅದರಷ್ಟು ಅನುಕೂಲದ ಯಂತ್ರ ಇನ್ನೊಂದಿಲ್ಲ. ಆದರೆ ಹೈಡ್ರಾದ ಕಟ್ಟಣೆಯನ್ನು ತಿಳಿದುಕೊಳ್ಳಬೇಕು. ಅದಕ್ಕೆ ನಾಲ್ಕು ಮೂಲೆಯಲ್ಲಿ ನೆಲಕ್ಕೆ ಊರುವ ಜಾಕುಗಳಿಲ್ಲ. ಟಯರುಗಳ ಮೇಲೆ ನಿಂತೇ ಎತ್ತುತ್ತದೆ. ಎತ್ತುವ ಉದ್ದನೆಯ ತೋಳು, ಅಂದರೆ ಬೂಮ್, ಎಡಬಲಕ್ಕೆ ತಿರುಗುವುದಿಲ್ಲ. ಎತ್ತಿದ ವಸ್ತುವನ್ನು ಬದಿಗೆ ತರಬೇಕೆಂದರೆ ಯಂತ್ರವೇ ನಡುವಿನಲ್ಲಿ ಮಡಚಿಕೊಂಡು ತಿರುಗಬೇಕು, ಹಾಗೆ ಮಡಚಿದಾಗ ಅದರ ಸ್ಥಿರತೆ ಇನ್ನೂ ಕಡಿಮೆಯಾಗುತ್ತದೆ. ಮೇಲೆ ದೊಡ್ಡದಾಗಿ ಬರೆದಿರುವ ಹದಿನಾಲ್ಕು ಟನ್ ಎಂಬ ಸಂಖ್ಯೆಯು ಕೊಕ್ಕೆ ಯಂತ್ರದ ಮೂತಿಗೆ ತಾಗುವಷ್ಟು ಹತ್ತಿರವಿದ್ದಾಗ, ಸಮತಟ್ಟಾದ ಗಟ್ಟಿ ನೆಲದಲ್ಲಿ ಮಾತ್ರ ನಿಜ. ಬೂಮ್ ಚಾಚಿದಂತೆ ಆ ಸಂಖ್ಯೆ ಬೇಗ ಬೇಗ ಕುಸಿಯುತ್ತದೆ. ನಮ್ಮ ಮರದ ಕೊಂಬೆಗೆ ತಲುಪಲು ಬೇಕಾಗಿದ್ದ ದೂರಕ್ಕೆ ಯಾವ ದೂರಕ್ಕೆ ಎಷ್ಟು ಎತ್ತಬಹುದೆಂಬ ಆ ಯಂತ್ರದ ಪಟ್ಟಿ ಒಪ್ಪುತ್ತಿದ್ದದ್ದು ಒಂದು ಟನ್ನಿಗಿಂತ ತುಸು ಹೆಚ್ಚು ಎಂಬುದನ್ನು ನಾನು ಓದಿಕೊಂಡದ್ದು ಎಲ್ಲ ಮುಗಿದ ಮೇಲೆ, ಕ್ಯಾಬಿನ್ನಿನಲ್ಲಿ ಅಂಟಿಸಿದ್ದ ಮಸುಕಾದ ಹಾಳೆಯಿಂದ.

ಕೊಯ್ಯುವವರು ಊರಿನವರೇ, ನಾಟಾ ಕೆಲಸದಲ್ಲಿ ನುರಿತವರು. ಕೊಂಬೆಯ ತೂಕ ಎಷ್ಟಾದೀತು ಎಂದು ಆಪರೇಟರ್ ಕೇಳಿದಾಗ, "ಐದಾರು ಕ್ವಿಂಟಾಲ್ ಇರಬೌದು, ಎತ್ತಿ ನೋಡಾಣ ಮಾರಾಯ್ರೆ" ಎಂಬ ಉತ್ತರ ಬಂತು. ಈ ಉತ್ತರ ತೀರಾ ಗಾಳಿಯ ಮಾತಾಗಿರಲಿಲ್ಲ, ಅದರ ಹಿಂದೆ ಒಂದು ಲೆಕ್ಕವಿತ್ತು. ತಪ್ಪು ಆ ಲೆಕ್ಕದೊಳಗೇ ಇತ್ತು. ನಾಟಾ ವ್ಯಾಪಾರದಲ್ಲಿ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ ಘನ ಅಡಿ ತೆಗೆಯುವುದು ರೂಢಿ. ಸರಾಸರಿ 4 ಅಡಿ ಸುತ್ತಳತೆಯ, 20 ಅಡಿ ಉದ್ದದ ಕೊಂಬೆಗೆ ಈ ಸೂತ್ರದಿಂದ 20 ಘನ ಅಡಿ ಬರುತ್ತದೆ. ಕೊಂಬೆಯನ್ನು ದುಂಡಗಿನ ಕಂಬವೆಂದು ಹಿಡಿದು ಲೆಕ್ಕ ಹಾಕಿದರೆ ಅದು 25 ಘನ ಅಡಿಯನ್ನು ದಾಟುತ್ತದೆ. ಅಂದರೆ ವ್ಯಾಪಾರದ ಸೂತ್ರ ನಿಜವಾದ ಗಾತ್ರದ ಐದನೆಯ ಒಂದು ಪಾಲಿಗಿಂತ ಹೆಚ್ಚನ್ನು ಬಿಟ್ಟುಬಿಡುತ್ತದೆ. ಕೊಯ್ದು ಹಲಗೆ ಮಾಡುವಾಗ ಹೋಗುವ ಸಿಪ್ಪೆ, ತ್ಯಾಜ್ಯಗಳ ದೃಷ್ಟಿಯಿಂದ ಕೊಳ್ಳುವವರಿಗೆ ಅದು ಸರಿಯಿರಬಹುದು, ಆದರೆ ಕ್ರೇನಿನ ಹಗ್ಗಕ್ಕೆ ಸಿಪ್ಪೆಯೂ ಭಾರವೇ. ಹಸಿ ಮರವನ್ನು ನೀರಿನಷ್ಟೇ ಭಾರವೆಂದು ಹಿಡಿಯುವುದು ಸುರಕ್ಷಿತ; ಒಂದು ಘನ ಅಡಿ ನೀರು 28 ಕಿಲೋಗ್ರಾಂಗೆ ಸ್ವಲ್ಪ ಹೆಚ್ಚು. ಹಾಗೆ ನೋಡಿದರೆ ಆ ಕೊಂಬೆಯ ದಿಂಡೊಂದೇ ಏಳು ಕ್ವಿಂಟಾಲ್. ಅದರಾಚೆಯ ಕವಲುಗಳು, ಎಲೆ, ಕಾಯಿ, ಬಂದಳಿಕೆ, ಹಿಂದಿನ ಸಂಜೆಯ ಮಳೆಯನ್ನು ಹೀರಿ ಕುಳಿತಿದ್ದ ಪಾಚಿ ಎಲ್ಲ ಸೇರಿ ಹೆಚ್ಚುಕಡಿಮೆ ಒಂದು ಟನ್ನು. ಅಡಿಕೆ ತೂಗುವ ನಮ್ಮ ಊರಿನಲ್ಲಿ ಕ್ವಿಂಟಾಲಿನ ಲೆಕ್ಕ ಮಕ್ಕಳಿಗೂ ಬಾಯಿಪಾಠ, ನಿಂತ ಮರವನ್ನು ತೂಗುವ ತಕ್ಕಡಿ ಮಾತ್ರ ಯಾರ ಮನೆಯಲ್ಲೂ ಇಲ್ಲ.

ಒಂದು ಟನ್ನಿನ ಕೊಂಬೆಯನ್ನು ಒಂದು ಟನ್ನು ಎತ್ತಬಲ್ಲ ದೂರದಲ್ಲಿ ಹಿಡಿದರೂ ಕೆಲಸ ಕೆಡಬೇಕಾಗಿರಲಿಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಇಲ್ಲಿ ಹಗ್ಗದ ಬಿಗಿಯ ಪ್ರಶ್ನೆ ಬರುತ್ತದೆ. ಕೊಯ್ತ ಮುಗಿಯುವ ಮೊದಲೇ ಹಗ್ಗವು ಅಂದಾಜು ತೂಕದಷ್ಟು ಬಿಗಿಯಾಗಿರಬೇಕು. ಆಗ ತುಂಡು ಬೇರ್ಪಟ್ಟ ಕ್ಷಣ ಎಲ್ಲಿತ್ತೋ ಅಲ್ಲೇ ತೂಗಿ ನಿಲ್ಲುತ್ತದೆ. ಬಿಗಿ ಹೆಚ್ಚಾದರೆ ತುಂಡು ಮೇಲಕ್ಕೆ ಚಿಮ್ಮುತ್ತದೆ, ಕೊಯ್ಯುವವನ ಮುಖದ ಹತ್ತಿರ. ಬಿಗಿ ಕಡಿಮೆಯಾದರೆ ತುಂಡು ಕೆಳಕ್ಕೆ ಬೀಳುತ್ತದೆ, ಹಗ್ಗ ಅದನ್ನು ಹಠಾತ್ತನೆ ಹಿಡಿಯುತ್ತದೆ. ಸಡಿಲ ಹಗ್ಗಕ್ಕೆ ಭಾರ ಒಮ್ಮೆಲೇ ಬಂದು ಕೂತರೆ, ಅದು ಒಂದು ಅಂಗುಲವೂ ಬೀಳದೆ ಕೂತರೂ, ಆ ಗಳಿಗೆಯಲ್ಲಿ ಹಗ್ಗದ ಮೇಲಿನ ಎಳೆತ ತೂಕದ ಎರಡರಷ್ಟಾಗುತ್ತದೆ. ಒಂದೆರಡು ಅಡಿ ಬಿದ್ದರೆ ಎಷ್ಟೋ ಪಟ್ಟು. ನಮ್ಮಲ್ಲಿ ಹಗ್ಗ ಜೋಲುತ್ತಿತ್ತು. ಕೊಂಬೆ ಕಳಚಿದೊಡನೆ ಒಂದು ಮೊಳ ಬಿತ್ತು, ಹಗ್ಗ ಟಣ್ಣೆಂದಿತು, ಹೈಡ್ರಾದ ಹಿಂದಿನ ಗಾಲಿಗಳು ನೆಲ ಬಿಟ್ಟವು. ಆಪರೇಟರ್ ದಿಗಿಲುಬಿದ್ದು ಹಗ್ಗ ಸಡಿಲಿಸಿದ. ಕೊಂಬೆ ಕೊಟ್ಟಿಗೆಯ ಮೂಲೆಯ ಮೇಲೆ ಕೂತು ಮೂವತ್ತು ಚಿಲ್ಲರೆ ಹೆಂಚು, ಎರಡು ರೀಪು ಮುರಿಯಿತು. ದನಗಳು ಮೇಯಲು ಬ್ಯಾಣಕ್ಕೆ ಹೋಗಿದ್ದವು. ಅವನು ಸಡಿಲಿಸದೆ ಹಿಡಿದುಕೊಂಡಿದ್ದರೆ ಯಂತ್ರವೇ ಮುಂದಕ್ಕೆ ಮಗುಚುತ್ತಿತ್ತೆಂದು ನಾನು ಈಗಲೂ ನಂಬುತ್ತೇನೆ. ಆದ್ದರಿಂದ ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು, ಸ್ಥಳ ನೋಡದೆ, ದೂರ ಅಳೆಯದೆ ಫೋನಿನಲ್ಲೇ "ಹೈಡ್ರಾ ಸಾಕು ಸಾರ್" ಎಂದು ಹೇಳಿದ ಮಾಲೀಕರ ಮೇಲೆ. ಹೆಂಚಿನ ದುಡ್ಡನ್ನು ಅವರು ಕೊಡಲಿಲ್ಲ. ಕ್ರೇನಿನ ವಿಮೆಯ ಕಾಗದವೇನೋ ಇತ್ತು. ಆದರೆ ಅದು ರಸ್ತೆಯ ಅಪಘಾತಕ್ಕೆ ಸಂಬಂಧಿಸಿದ ಕಾಗದವೆಂದು, ಎತ್ತುವಾಗ ಬಿದ್ದದ್ದಕ್ಕೆ ಅದರಲ್ಲಿ ಜಾಗವಿಲ್ಲವೆಂದು ನಂತರ ತಿಳಿಯಿತು.

ಎರಡನೆಯ ಸೇವೆಯವರನ್ನು ಕರೆದಾಗ ಅವರು ಫೋನಿನಲ್ಲಿ ದರ ಹೇಳಲು ಒಪ್ಪಲಿಲ್ಲ. ಎರಡು ದಿನ ಬಿಟ್ಟು ಅವರ ಮೇಲ್ವಿಚಾರಕರು ಬೈಕಿನಲ್ಲಿ ಬಂದರು, ಜೊತೆಗೆ ಮರ ಕೊಯ್ಯುವ ತಂಡದ ಹಿರಿಯರೂ ಇದ್ದರು. ಈ ಒಂದು ಕಾರಣಕ್ಕಾಗಿಯೇ ಅವರಿಗೆ ನನ್ನ ಅಂಕಗಳಲ್ಲಿ ಅರ್ಧದಷ್ಟು ಸಲ್ಲುತ್ತದೆ. ಅವರು ಮೊದಲು ನೋಡಿದ್ದು ಮರವನ್ನಲ್ಲ, ದಾರಿಯನ್ನು. ಇಪ್ಪತ್ತೈದು ಟನ್ನಿಗೂ ಮಿಕ್ಕಿ ತೂಗುವ ಲಾರಿ ಕ್ರೇನು ನಮ್ಮೂರಿನ ಮೋರಿಯ ಮೇಲೆ ಹಾಯಬಹುದೇ, ದಣಪೆಯ (ಬೇಲಿಯ ಬಾಗಿಲಿನ) ಹತ್ತಿರ ತಿರುಗಬಹುದೇ ಎಂದು ಹೆಜ್ಜೆ ಹಾಕಿ ಅಳೆದರು. ಆಮೇಲೆ ಅಂಗಳಕ್ಕೆ ಬಂದು ಕೇಳಿದ ಪ್ರಶ್ನೆಗೆ ನಾನೂ ಬೆಚ್ಚಿದೆ: ಇಲ್ಲಿ ಹಳೆಯ ಬಾವಿ ಮುಚ್ಚಿದ್ದೀರಾ, ಶೌಚಾಲಯದ ಗುಂಡಿ ಎಲ್ಲಿದೆ, ಇಂಗುಗುಂಡಿ ತೆಗೆಸಿದ್ದೀರಾ? ನಮ್ಮ ಅಜ್ಜನ ಕಾಲದ ಒಂದು ಗೊಬ್ಬರಗುಂಡಿಯನ್ನು ಮಣ್ಣು ತುಂಬಿ ಅಡಿಕೆ ಒಣಗಿಸುವ ಅಂಗಳಕ್ಕೆ ಸೇರಿಸಿದ್ದು ನನಗೆ ಮರೆತೇ ಹೋಗಿತ್ತು, ನೆನಪಿಸಿದ್ದು ಅಮ್ಮ. ಹಾರೆಯಿಂದ ಚುಚ್ಚಿ ನೋಡಿದರೆ ಮೂರಡಿ ಸಲೀಸಾಗಿ ಇಳಿಯಿತು.

ಈ ಪ್ರಶ್ನೆಯ ಹಿಂದಿನ ಕಾರಣವನ್ನು ಅವರೇ ವಿವರಿಸಿದರು. ಕ್ರೇನು ನಾಲ್ಕು ಜಾಕುಗಳ ಮೇಲೆ ನಿಂತರೂ, ಬೂಮ್ ಒಂದು ಮೂಲೆಯ ಮೇಲೆ ಬಂದಾಗ ಯಂತ್ರದ ಮತ್ತು ಎತ್ತಿದ ವಸ್ತುವಿನ ಒಟ್ಟು ಭಾರದ ಬಹುಪಾಲು ಆ ಒಂದೇ ಜಾಕಿನ ಮೂಲಕ ನೆಲಕ್ಕೆ ಇಳಿಯುತ್ತದೆ. ಜಾಕಿನ ಪಾದ ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ನಮ್ಮ ಕಡೆಯ ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಕಂಡರೂ ಅದರ ಮೇಲ್ಪದರದ ಕೆಳಗೆ ಮೆತ್ತಗಿನ ಜೇಡಿ ಇರುವುದು ಅಪರೂಪವೇನಲ್ಲ. ಬಾವಿ ತೆಗೆಸಿದವರಿಗೆಲ್ಲ ಇದು ಗೊತ್ತು. ಜಾಕು ಒಂದು ಗೇಣು ಹೂತರೆ ಅರವತ್ತು ಅಡಿ ಚಾಚಿದ ಬೂಮಿನ ತುದಿ ಎಷ್ಟೋ ಅಡಿ ಹೊರಕ್ಕೆ ಸರಿಯುತ್ತದೆ, ದೂರ ಹೆಚ್ಚುತ್ತದೆ, ಎತ್ತುವ ಶಕ್ತಿ ಕುಗ್ಗುತ್ತದೆ, ಅದರಿಂದ ಜಾಕಿನ ಮೇಲೆ ಇನ್ನಷ್ಟು ಭಾರ ಬೀಳುತ್ತದೆ. ಧರೆಯ ಅಂಚಿನ ಅಪಾಯವೂ ಇದೇ ಜಾತಿಯದು. ಅಂಚಿನಿಂದ ಧರೆಯ ಎತ್ತರದಷ್ಟಾದರೂ ಹಿಂದಕ್ಕೆ ನಿಲ್ಲಬೇಕೆಂದು ಅವರು ಹಟ ಹಿಡಿದರು. ಅದರಿಂದ ಮರಕ್ಕೆ ದೂರ ಹೆಚ್ಚಾಗಿ, ತುಂಡುಗಳನ್ನು ಚಿಕ್ಕದಾಗಿ ಕೊಯ್ಯಬೇಕಾಗಿ, ಒಂದು ದಿನದ ಕೆಲಸ ಎರಡು ದಿನವಾಯಿತು. ಕೆಲಸದ ದಿನ ಪ್ರತಿ ಜಾಕಿನ ಕೆಳಗೆ ಅಡ್ಡಡ್ಡಲಾಗಿ ಎರಡು ಪದರ ಮರದ ಸ್ಲೀಪರ್ ಹಾಕಿ, ಕ್ರೇನನ್ನು ಮಟ್ಟ ಮಾಡಿ, ಭಾರವಿಲ್ಲದೆ ಬೂಮನ್ನು ಒಂದು ಸುತ್ತು ತಿರುಗಿಸಿ, ಸ್ಲೀಪರುಗಳು ಒಂದಿಷ್ಟಾದರೂ ಕೂತಿವೆಯೇ ಎಂದು ನೋಡಿದ ಮೇಲೆಯೇ ಚೈನ್‌ಸಾ ಶುರುವಾದದ್ದು.

ಅನುಮತಿಯ ವಿಷಯವನ್ನು ಇಲ್ಲಿ ಚುಟುಕಾಗಿ ಹೇಳುತ್ತೇನೆ. ನಮ್ಮದೇ ಜಾಗದ ಮರವಾದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವೃಕ್ಷಾಧಿಕಾರಿಯ ಒಪ್ಪಿಗೆ ಬೇಕು. ತೆಂಗು, ಸಿಲ್ವರ್ ಓಕ್, ನೀಲಗಿರಿಯಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಮಾವಿಗೆ ನಾನು ಅರ್ಜಿ ಕೊಟ್ಟೆ. ಮಹಜರು, ಬದಲಿ ಸಸಿ ನೆಡುವ ಷರತ್ತು ಎಲ್ಲ ಮುಗಿಯುವವರೆಗೆ ಕ್ರೇನಿಗೆ ದಿನ ಗೊತ್ತುಮಾಡಬೇಡಿ. ಬಂದು ನಿಂತ ಯಂತ್ರಕ್ಕೆ ಬಾಡಿಗೆ ಓಡುತ್ತಲೇ ಇರುತ್ತದೆ.

ವಿದ್ಯುತ್ತಿನ ವಿಷಯ ಹಾಗೆ ಚುಟುಕಾಗಿ ಮುಗಿಯುವಂಥದ್ದಲ್ಲ. ಲೈನು ಮರದಿಂದ ಹದಿನೈದು ಅಡಿಯಲ್ಲಿತ್ತು. ಇಪ್ಪತ್ತು ಅಡಿ ಉದ್ದದ ಕೊಂಬೆ ಹಗ್ಗದಲ್ಲಿ ತೂಗುತ್ತ ಒಂದು ಸುತ್ತು ತಿರುಗಿದರೆ ಅದರ ತುದಿ ಎಲ್ಲಿಗೆ ಹೋಗುತ್ತದೆಂದು ಯೋಚಿಸಿ. 50 ಕೆ.ವಿ.ವರೆಗಿನ ಲೈನಿನಿಂದ ಕ್ರೇನಿನ ಯಾವ ಭಾಗವೂ, ಹಗ್ಗವೂ, ಎತ್ತಿದ ವಸ್ತುವೂ ಕನಿಷ್ಠ 10 ಅಡಿ ದೂರವಿರಬೇಕೆಂಬುದು ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ. ನಮ್ಮ ಮೇಲ್ವಿಚಾರಕರು ಅದನ್ನೇ ಇಟ್ಟುಕೊಂಡಿದ್ದರು, ಅಷ್ಟು ದೂರ ಉಳಿಸಲಾಗದ ಕಡೆ ಲೈನ್ ಕ್ಲಿಯರ್ (ಲೈನಿನ ವಿದ್ಯುತ್ ಕಡಿದು ಕೆಲಸಕ್ಕೆ ಕೊಡುವ ಅಧಿಕೃತ ಒಪ್ಪಿಗೆ) ಇಲ್ಲದೆ ಕೈ ಹಾಕುವುದಿಲ್ಲವೆಂದರು. ವಿದ್ಯುತ್ ಕಂಪನಿ ಮೆಸ್ಕಾಂನ ಶಾಖಾ ಕಚೇರಿಗೆ ಬರವಣಿಗೆಯಲ್ಲಿ ಕೇಳಿಕೊಂಡೆ. ಲೈನ್‌ಮನ್ ಬಂದು, ಲೈನು ಬಿಡಿಸಿ, ಎರಡೂ ಕಡೆ ಅರ್ತ್ ಮಾಡಿದ ಮೇಲೆ ಕೆಲಸ ಆರಂಭವಾಯಿತು. ಕರೆಂಟು ಹೋಗಿದೆ ಎಂಬುದಕ್ಕೂ ಲೈನ್ ಕ್ಲಿಯರ್ ಸಿಕ್ಕಿದೆ ಎಂಬುದಕ್ಕೂ ಅಜಗಜಾಂತರವಿದೆ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನಲ್ಲಿ ಅದು ಯಾವ ಗಳಿಗೆಯಲ್ಲಿ ಮರಳುತ್ತದೆ ಎಂದು ಯಾರೂ ಹೇಳಲಾರರು. ಅಲ್ಲದೆ ನೆರೆಯವರು ಜನರೇಟರನ್ನು ಚೇಂಜ್‌ಓವರ್ ಸ್ವಿಚ್ಚಿಲ್ಲದೆ ಮನೆಯ ವೈರಿಂಗಿಗೆ ನೇರವಾಗಿ ಜೋಡಿಸಿದ್ದರೆ ಅಲ್ಲಿಂದ ವಿದ್ಯುತ್ತು ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನ ಮೂಲಕ ಲೈನಿಗೇ ಏರಬಹುದು. ಅರ್ತ್ ಮಾಡುವುದು ಇದಕ್ಕಾಗಿ.

ಬೂಮ್ ಲೈನಿಗೆ ತಾಗಿಬಿಟ್ಟರೆ ಏನು ಮಾಡಬೇಕೆಂಬುದನ್ನು ಅವರು ನಮ್ಮ ಮನೆಯವರಿಗೂ ಹೇಳಿದ್ದು ನನಗೆ ಹಿಡಿಸಿತು. ಆಪರೇಟರ್ ಕ್ಯಾಬಿನ್ನಿನಲ್ಲೇ ಕೂತಿರಬೇಕು, ಕೆಳಗಿರುವವರು ಯಾರೂ ಕ್ರೇನನ್ನಾಗಲಿ, ಹಗ್ಗವನ್ನಾಗಲಿ ಮುಟ್ಟಬಾರದು, ಓಡಿ ಬಂದು ಸಹಾಯ ಮಾಡಲೂ ಬಾರದು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಆಪರೇಟರ್ ಯಂತ್ರವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ ಜೋಡುಗಾಲಿನಲ್ಲಿ ಜಿಗಿದು, ಪಾದಗಳನ್ನು ಅಗಲಿಸದೆ ಪುಟ್ಟ ಪುಟ್ಟದಾಗಿ ಸರಿಯುತ್ತ ದೂರ ಹೋಗಬೇಕು. ನೆಲದಲ್ಲೂ ವಿದ್ಯುತ್ತು ಹರಡಿರುವುದರಿಂದ ದೊಡ್ಡ ಹೆಜ್ಜೆ ಇಟ್ಟರೆ ಎರಡು ಕಾಲುಗಳ ನಡುವೆಯೇ ಅದು ಹಾಯುತ್ತದೆ.

ಇನ್ನು ತೂಕದ ಮಾತಿಗೆ ಮರಳುತ್ತೇನೆ. ಈ ತಂಡದಲ್ಲಿ ತೂಕ ಹೇಳುವ ಹೊಣೆ ಕೊಯ್ಯುವ ಹಿರಿಯರದು, ಅದನ್ನು ಒಪ್ಪುವ ಅಥವಾ ತಳ್ಳುವ ಅಧಿಕಾರ ಆಪರೇಟರದು ಎಂದು ಬೆಳಿಗ್ಗೆ ಚಹಾ ಕುಡಿಯುವಾಗಲೇ ತೀರ್ಮಾನವಾಗಿತ್ತು. ನಮ್ಮ ಮರಕ್ಕೆ ಬೇಕಾದ ದೂರದಲ್ಲಿ ಪಟ್ಟಿಯ ಪ್ರಕಾರ ನಾಲ್ಕು ಟನ್ನಿನ ಆಸುಪಾಸು ಎತ್ತಬಹುದಾಗಿತ್ತು. ಎರಡು ಟನ್ನಿಗಿಂತ ಹೆಚ್ಚಿನ ತುಂಡು ಕೊಯ್ಯುವುದಿಲ್ಲವೆಂದು ಅವರೇ ಮಿತಿ ಹಾಕಿಕೊಂಡರು. ಮೊದಲ ತುಂಡನ್ನು ಬೇಕೆಂದೇ ಚಿಕ್ಕದಾಗಿ ಆರಿಸಿದರು. ಹಿರಿಯರು ನಾಲ್ಕು ಕ್ವಿಂಟಾಲ್ ಎಂದರು, ಕ್ಯಾಬಿನ್ನಿನಲ್ಲಿ ಭಾರ ತೋರಿಸುವ ಪರದೆಯ ಮೇಲೆ ಐದೂ ಕಾಲು ಬಂತು. ಯಾರೂ ನಗಲಿಲ್ಲ, ವಾದಿಸಲೂ ಇಲ್ಲ. ಅಲ್ಲಿಂದ ಮುಂದೆ ಹಿರಿಯರ ಪ್ರತಿ ಅಂದಾಜಿಗೂ ಮೂರನೆಯ ಒಂದು ಪಾಲು ಕೂಡಿಸಿಕೊಂಡೇ ಹಗ್ಗವನ್ನು ಬಿಗಿ ಮಾಡಿದರು, ಮಧ್ಯಾಹ್ನದ ಹೊತ್ತಿಗೆ ಅಂದಾಜೂ ಪರದೆಯೂ ಹತ್ತಿರ ಹತ್ತಿರ ಬಂದವು. ಕ್ರೇನು ಎತ್ತುವ ಯಂತ್ರವಷ್ಟೇ ಆಗದೆ ತಕ್ಕಡಿಯೂ ಆಗಬಲ್ಲದೆಂದು ನನಗೆ ಹೊಳೆದದ್ದು ಆಗಲೇ. ಆ ಭಾರಸೂಚಕ ಕೆಟ್ಟಿರುವ ಕ್ರೇನು ಬಂದರೆ ಹಿಂದಕ್ಕೆ ಕಳುಹಿಸಿ. ಎಷ್ಟೋ ಕಡೆ ಅದರ ಕಿರಿಕಿರಿ ಶಬ್ದ ಬೇಡವೆಂದು ವೈರು ಕಿತ್ತಿಟ್ಟಿರುತ್ತಾರೆ.

ತುಂಡನ್ನು ಕೊಕ್ಕೆಗೆ ನೇತುಹಾಕುವ ಬೆಲ್ಟು ಕಟ್ಟುವ ಜಾಗವೂ ನೋಡುವಂತಿತ್ತು. ಕೊಂಬೆಯ ಭಾರದ ನಡುವು ಅದರ ಉದ್ದದ ನಡುವಿನಲ್ಲಿರುವುದಿಲ್ಲ, ದಪ್ಪ ತುದಿಯ ಕಡೆಗೆ ಇರುತ್ತದೆ. ಎಲೆ ದಟ್ಟವಾಗಿದ್ದರೆ ಮತ್ತೆ ಹೊರಕ್ಕೆ ಸರಿಯುತ್ತದೆ. ಅದಕ್ಕಿಂತ ಮೇಲೆ ಬೆಲ್ಟು ಬಿದ್ದರೆ ತುಂಡು ನೆಟ್ಟಗೆ ಜೋಲುತ್ತದೆ, ಕೆಳಗೆ ಬಿದ್ದರೆ ಗಿರಕಿ ಹೊಡೆದು ತಲೆಕೆಳಗಾಗುತ್ತದೆ. ಎರಡು ಬೆಲ್ಟು ಹಾಕುವಾಗ ಅವುಗಳ ನಡುವಿನ ಕೋನ ಅಗಲವಾಗದಂತೆ ನೋಡಿಕೊಂಡರು. ಬೆಲ್ಟು ನೆಲಕ್ಕೆ ಸಮಾನಾಂತರವಾದ ರೇಖೆಗೆ 60 ಡಿಗ್ರಿ ಓರೆಯಲ್ಲಿದ್ದರೆ ಪ್ರತಿಯೊಂದರ ಮೇಲೂ ತೂಕದ ಅರ್ಧಕ್ಕಿಂತ ತುಸು ಹೆಚ್ಚು ಬೀಳುತ್ತದೆ. 30 ಡಿಗ್ರಿಗೆ ಇಳಿದರೆ ಎರಡು ಬೆಲ್ಟುಗಳಲ್ಲಿ ಒಂದೊಂದರ ಮೇಲೂ ಪೂರ್ತಿ ತೂಕವೇ ಬೀಳುತ್ತದೆ. ಕುಣಿಕೆ ಹಾಕಿ ಬಿಗಿದ ಬೆಲ್ಟಿನ ಶಕ್ತಿ ನೇರ ಎತ್ತುವಾಗಿನ ಶಕ್ತಿಯ 80 ಶೇಕಡಾದಷ್ಟು ಮಾತ್ರ. ಬಣ್ಣವನ್ನು ನೋಡಿ ಬೆಲ್ಟಿನ ಶಕ್ತಿ ತಿಳಿಯಬಹುದೆಂಬುದು ನನಗೆ ಹೊಸದು: ನೇರಳೆ ಒಂದು ಟನ್ನು, ಹಸಿರು ಎರಡು, ಹಳದಿ ಮೂರು, ಬೂದು ನಾಲ್ಕು, ಕೆಂಪು ಐದು. ಆದರೆ ಬಣ್ಣವನ್ನಷ್ಟೇ ನಂಬದೆ ಹೊಲಿದ ಚೀಟಿಯನ್ನು ಓದಬೇಕು, ಅಂಚು ಹರಿದಿದ್ದರೆ ಬದಿಗಿಡಬೇಕು. ಇವರು ಒಂದು ಹಸಿರು ಬೆಲ್ಟನ್ನು ನನ್ನ ಕಣ್ಣೆದುರೇ ಕತ್ತರಿಸಿ ಎಸೆದರು. ಇಡಿಯಾಗಿ ಎಸೆದರೆ ಯಾರಾದರೂ ಎತ್ತಿಕೊಂಡು ಹೋಗಿ ಬಳಸುತ್ತಾರೆಂಬುದು ಅವರ ವಿವರಣೆ.

ಮೇಲೇರುವವನ ಸುರಕ್ಷತೆಯಲ್ಲಿ ಪೊಟರೆ ಬಿದ್ದ ಮರ ವಿಶೇಷ ತೊಡಕು ತರುತ್ತದೆ. ಕೊಂಬೆಯನ್ನು ಎಳೆದಾಗ ಅಥವಾ ತುಂಡು ಕಳಚಿ ಮರ ಹಿಂದಕ್ಕೆ ತೊನೆದಾಗ ಬುಡವೇ ಮುರಿಯಬಹುದು. ಹೀಗಾಗಿ ಕೊನೆಯ ಹಂತದಲ್ಲಿ, ಮರದ ನೆತ್ತಿ ಇಳಿದ ಮೇಲೆ, ಯಾರೂ ಮರ ಹತ್ತದೆ ಏಣಿಗೋಪುರದಿಂದ ಕೊಯ್ದರು. ಅದಕ್ಕೂ ಮೊದಲು ಹತ್ತಿದ ಯುವಕ ತನ್ನ ಹಗ್ಗವನ್ನು ಕೊಯ್ಯುವ ತುಂಡಿಗೆ ಎಂದೂ ಬಿಗಿಯಲಿಲ್ಲ, ತುಂಡು ಕಳಚುವ ಮೊದಲು ಎದುರು ಬದಿಗೆ ಸರಿದುಕೊಳ್ಳುತ್ತಿದ್ದ. ಚಗಳಿ ಇರುವೆ ಕಚ್ಚಿದರೂ ಚೈನ್‌ಸಾ ಕೈಬಿಡದ ಅವನ ತಾಳ್ಮೆಯನ್ನು ಮೆಚ್ಚಬೇಕು. ಹೆಜ್ಜೇನಿದ್ದರೆ ತಾಳ್ಮೆ ಕೆಲಸಕ್ಕೆ ಬಾರದು; ಹಿಂದಿನ ದಿನವೇ ಸುತ್ತಲಿನ ಮರಗಳನ್ನೆಲ್ಲ ನೋಡಿ, ತೋಟದಾಚೆಯ ಹೆಬ್ಬಲಸಿನಲ್ಲಿ ಒಂದು ತಟ್ಟಿ ಇರುವುದನ್ನು ಕಂಡು, ಕ್ರೇನಿನ ಹೊಗೆ ಆ ಕಡೆಗೆ ಹೋಗದಂತೆ ನಿಲ್ಲಿಸಿದ್ದರು.

ಕ್ಯಾಬಿನ್ನಿನಿಂದ ಮರದ ಕೆಳಭಾಗ ಕಾಣುತ್ತಿರಲಿಲ್ಲ, ಮನೆಯ ಮಾಡು ಅಡ್ಡ. ಸನ್ನೆ ಮಾಡಲು ಒಬ್ಬನೇ ವ್ಯಕ್ತಿ ನೇಮಕವಾಗಿದ್ದ; ಬೇರೆ ಯಾರು ಕೈ ಆಡಿಸಿದರೂ ಆಪರೇಟರ್ ಕದಲುತ್ತಿರಲಿಲ್ಲ. ಆದರೆ ನಿಲ್ಲಿಸು ಎಂಬ ಸನ್ನೆಯನ್ನು ಯಾರು ಮಾಡಿದರೂ ನಿಲ್ಲಿಸಬೇಕು. ರಜೆಯ ದಿನಗಳಾದ್ದರಿಂದ ಊರಿನ ಮಕ್ಕಳೆಲ್ಲ ಜಮಾಯಿಸಿದ್ದರು. ಅವರನ್ನು ಹಗ್ಗದಾಚೆ ಕೂರಿಸಿ, ಮನೆಯವರನ್ನೂ, ಏಳಲಾರೆನೆಂದು ಹಟ ಹಿಡಿದ ನಮ್ಮ ಅಜ್ಜಿಯನ್ನೂ ಚಿಕ್ಕಪ್ಪನ ಮನೆಗೆ ಕಳುಹಿಸಿದ ಮೇಲೆಯೇ ಮಾಡಿನ ಬದಿಯ ಕೊಂಬೆಗಳಿಗೆ ಕೈ ಹಾಕಿದರು. ಮೇ ತಿಂಗಳ ಮಧ್ಯಾಹ್ನ ಮಲೆನಾಡಿನಲ್ಲಿ ಗುಡುಗು, ಗಾಳಿ ಬರುವುದು ಖಚಿತವೆಂಬಂತೆ, ಬೆಳಿಗ್ಗೆ ಏಳರಿಂದ ಒಂದರವರೆಗೆ ಮಾತ್ರ ಎತ್ತುವ ಕೆಲಸ. ಎಲೆ ತುಂಬಿದ ಕೊಂಬೆ ಗಾಳಿಯಲ್ಲಿ ಹಾಯಿಯಂತೆ ಉಬ್ಬಿ ಬೂಮನ್ನು ಬದಿಗೆ ಎಳೆಯುತ್ತದೆ, ಬೂಮು ಬದಿಯ ಎಳೆತಕ್ಕೆ ಮಾಡಿದ್ದಲ್ಲ.

ಕೊರತೆಗಳೂ ಇದ್ದವು. ಹೆಲ್ಮೆಟ್ಟುಗಳಿಗೆ ಗಲ್ಲದ ಪಟ್ಟಿ ಇರಲಿಲ್ಲ. ಬಗ್ಗಿದಾಗಲೆಲ್ಲ ಕೈಯಲ್ಲಿ ಹಿಡಿದುಕೊಳ್ಳಬೇಕಾಗುತ್ತಿತ್ತು. ಚೈನ್‌ಸಾ ಹಿಡಿದವನಿಗೆ ಕಾಲುಗಳನ್ನು ಕಾಯುವ ಪ್ಯಾಂಟು ಇರಲಿಲ್ಲ, ಸಾಮಾನ್ಯ ಜೀನ್ಸು. ಎರಡನೆಯ ದಿನ ಮೇಲ್ವಿಚಾರಕರು ಬೇರೆ ಕೆಲಸಕ್ಕೆಂದು ಹನ್ನೊಂದಕ್ಕೇ ಹೊರಟುಹೋದರು. ಅವರು ಹೋದ ಅರ್ಧ ಗಂಟೆಯಲ್ಲಿ ಒಬ್ಬ ಹೆಲ್ಪರು ತೂಗುತ್ತಿದ್ದ ದಿಂಡಿನ ಕೆಳಗೇ ನುಸುಳಿ ಬಿದ್ದ ಹಗ್ಗವನ್ನು ಎತ್ತಿಕೊಂಡ. ಇನ್ನೊಬ್ಬ ಇಳಿಯಲು ಸುಲಭವೆಂದು ಕೊಕ್ಕೆಯ ಮೇಲೆ ಕಾಲಿಟ್ಟು ನಿಲ್ಲಲು ಹೋದ. ಆಪರೇಟರ್ ಹಾರ್ನ್ ಹೊಡೆದು ಇಳಿಸಿದ, ಅದು ಸಮಾಧಾನ. ನಾನು ಮೇಲ್ವಿಚಾರಕರಿಗೆ ಫೋನ್ ಮಾಡಿ ಹೇಳಿದಾಗ ಅವರು "ಹುಡುಗರು ಸಾರ್" ಎಂದು ನಕ್ಕದ್ದು ನನಗೆ ಸರಿ ಕಾಣಲಿಲ್ಲ.

ಖರ್ಚು ಹೀಗಾಯಿತು: ಕ್ರೇನಿಗೆ ಎರಡು ದಿನಕ್ಕೆ, ಶಿವಮೊಗ್ಗದಿಂದ ಹೋಗಿಬರುವ ಡೀಸೆಲ್ಲೂ ಸೇರಿ 34,000 ರೂಪಾಯಿ, ಕೊಯ್ಯುವ ಐದು ಜನರ ತಂಡಕ್ಕೆ 18,000. ಹೈಡ್ರಾಕ್ಕೆ ಹೋದದ್ದು 6,000, ಹೆಂಚು ಮತ್ತು ರೀಪಿಗೆ ಬೇರೆ. ದುಬಾರಿಯೇ; ಸೌದೆಗೂ ನಾಟಾಕ್ಕೂ ಬಂದ ದುಡ್ಡಿನಿಂದ ಅದರ ಕಾಲು ಭಾಗವೂ ಹುಟ್ಟಲಿಲ್ಲ. ಮುಂಗಡ ಕೊಡುವ ಮೊದಲು ಕ್ರೇನಿನ ವಾರ್ಷಿಕ ತಪಾಸಣೆಯ ಪ್ರಮಾಣಪತ್ರ, ಆಪರೇಟರನ ಲೈಸೆನ್ಸು, ಹಾನಿಯಾದರೆ ಯಾರು ಕೊಡಬೇಕೆಂಬ ಒಂದು ಸಾಲಿನ ಚೀಟಿ ಈ ಮೂರನ್ನೂ ಕೇಳಿದೆ. ಮೂರೂ ಸಿಕ್ಕಿದವು, ಮೂರನೆಯದಕ್ಕೆ ಸ್ವಲ್ಪ ಗೊಣಗಿದರು.

ಕೊನೆಯ ದಿಂಡು ಲಾರಿಗೆ ಏರಿದ ಮೇಲೆ, ಕ್ರೇನು ಹೇಗೂ ಇದೆಯಲ್ಲ, ಬುಡವನ್ನೂ ಕಿತ್ತುಬಿಡಿ ಎಂದು ಕೇಳಿದೆ. ಬೇರು ನೆಲವನ್ನು ಎಷ್ಟು ಹಿಡಿದಿದೆ ಎಂಬುದನ್ನು ಪರದೆ ತೋರಿಸುವ ಹೊತ್ತಿಗೆ ತಡವಾಗಿರುತ್ತದೆಂದು ಹೇಳಿ ಆಪರೇಟರ್ ಬೂಮ್ ಮಡಚಿದ. ಎರಡಡಿ ಎತ್ತರದ ಬುಡ ಧರೆಯ ಮೇಲೆ ಹಾಗೆಯೇ ಇದೆ. ಆ ಬೇರುಗಳು ಈ ಮಳೆಗಾಲಕ್ಕೆ ಮಣ್ಣನ್ನು ಹಿಡಿದಿರಲಿ ಎಂದು ನಾನೂ ಬಿಟ್ಟಿದ್ದೇನೆ. ಶಿವಮೊಗ್ಗದ ಈ ಸೇವೆಯವರನ್ನು ಕರೆಸುವವರು ಮಾರ್ಚಿನಲ್ಲೇ ಮಾತಾಡಿಕೊಳ್ಳಬೇಕು. ಮೇ ಎರಡನೆಯ ವಾರ ದಾಟಿದರೆ ಈ ಕ್ರೇನು ಘಟ್ಟದ ಕಡೆಗೆ ಬರುವುದಿಲ್ಲ.